ಗೊಬ್ಬರ ಕೇಳುವ ಮೊದಲು ಬಂಡೆಯ ಆಳ ಹೇಳಿ

ಚಳ್ಳಕೆರೆ ಕಡೆಯ ರೈತರೊಬ್ಬರು ಮಣ್ಣು ಪರೀಕ್ಷೆಗೆಂದು ಚೀಲ ಹಿಡಿದು ಬಂದಿದ್ದರು. ನಾಲ್ಕು ಎಕರೆಗೂ ಅಡಿಕೆ ಹಾಕುವುದೆಂದು ತೀರ್ಮಾನಿಸಿ, ಸಸಿಗೆ ಮುಂಗಡವನ್ನೂ ಕೊಟ್ಟಿದ್ದರು. "ತೀರ್ಥಹಳ್ಳೀಲಿ ನಮ್ ಬೀಗರ ತೋಟ ನೋಡ್ಕಂಡ್ ಬಂದೆ ಸಾರ್. ಗೊಬ್ಬರ ಎಷ್ಟು ಹಾಕ್ಬೇಕು, ಅಷ್ಟು ಹೇಳಿ ಸಾಕು" ಅಂದರು. ನಿಮ್ಮ ಹೊಲದಲ್ಲಿ ಎಷ್ಟು ಅಡಿಗೆ ಬಂಡೆ ಸಿಗುತ್ತದೆ ಎಂದು ನಾನು ಕೇಳಿದೆ. ಮೂರಡಿಗೆ ಗುದ್ದಲಿ ಠಣ್ ಅನ್ನುತ್ತದಂತೆ.

ಅರಬ್ಬಿ ಸಮುದ್ರದ ಮೇಲಿಂದ ಬರುವ ಮುಂಗಾರು ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಹೊತ್ತ ನೀರಿನ ಬಹುಪಾಲನ್ನು ಅಲ್ಲೇ ಸುರಿಯುತ್ತದೆ. ಘಟ್ಟದ ನೆತ್ತಿಯ ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಪೂರ್ವಕ್ಕೆ ಇಳಿಯುತ್ತ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಇನ್ನೂರು ಚಿಲ್ಲರೆ ಕಿಲೋಮೀಟರ್ ದೂರದ ಚಳ್ಳಕೆರೆಗೆ ಉಳಿಯುವುದು 500ರ ಆಸುಪಾಸು. ಬೀಗರ ತೋಟ ಘಟ್ಟದ ಮಗ್ಗುಲಲ್ಲಿದೆ, ಇವರ ಹೊಲ ಮಳೆನೆರಳಿನಲ್ಲಿದೆ.

ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಬೇಸಿಗೆಯಲ್ಲಿ ಡ್ರಿಪ್ ಹಾಕಿದರೂ ಫಲ ಬರುವ ಅಡಿಕೆ ಮರಕ್ಕೆ ದಿನಕ್ಕೆ 15ರಿಂದ 20 ಲೀಟರ್ ನೀರು ಬೇಕು. ಎಕರೆಗೆ 500ಕ್ಕೂ ಹೆಚ್ಚು ಮರ. ನಾಲ್ಕು ಎಕರೆಗೆ ದಿನವೂ 30ರಿಂದ 40 ಸಾವಿರ ಲೀಟರ್! ಇಲ್ಲಿನ ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಸೀಳುಗಳಲ್ಲಿ ಮಾತ್ರ. ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರವೇ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೆ ನೀರು ತರುವ ವೇದಾವತಿಯ ಮೂಲ ಬಾಬಾಬುಡನ್‌ಗಿರಿಯ ಸಾಲಿನಲ್ಲಿದೆ. ಅಂಥ ನದಿಯೇ 89 ವರ್ಷ ಕಾಯಿಸಿದ ಸೀಮೆಯಲ್ಲಿ ಒಂದು ಬೋರ್‌ವೆಲ್ ನಂಬಿ ನಲವತ್ತು ವರ್ಷ ಬಾಳುವ ಮರ ಹೇಗೆ ಹಾಕುವುದು?

ಹಾಗಂತ ಎಲ್ಲವನ್ನೂ ಮಳೆಯೇ ತೀರ್ಮಾನಿಸುವುದಿಲ್ಲ. ವಿಜಯಪುರದಲ್ಲೂ ಮಳೆ 600 ಮಿಲಿಮೀಟರ್‌ನ ಆಚೀಚೆ. ಆದರೆ ಅಲ್ಲಿನ ಎರೆ, ಲಾವಾರಸ ಗಟ್ಟಿಯಾಗಿ ಆದ ಕಪ್ಪು ಕಲ್ಲು ಸವೆದು ಬಂದ ಮಣ್ಣು. ಜೇಡಿ ಹೆಚ್ಚಿರುವುದರಿಂದ ನೀರು ಕುಡಿದು ಉಬ್ಬುತ್ತದೆ, ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತದ ಮಳೆಗೆ ಹದ ನೋಡಿ ಹಿಂಗಾರಿ ಜೋಳ ಬಿತ್ತಿದರೆ ಮುಂದೆ ಹನಿ ಬೀಳದಿದ್ದರೂ ಒಡಲೊಳಗಿನ ತೇವದಲ್ಲೇ ತೆನೆ ಕಟ್ಟುತ್ತದೆ. ನೆಲ ಒಣಗುತ್ತ ಬಂದಂತೆ ಬಿರುಕು ಬಿಡುತ್ತದೆ. ಅಲ್ಲಿನ ಡೋಣಿ ನದಿಯ ದಂಡೆಯ ಹೊಲವೊಂದರಲ್ಲಿ ಬಿರುಕಿಗೆ ಕೈ ಇಳಿಸಿ ನೋಡಿದ್ದೇನೆ. ಮೊಣಕೈವರೆಗೂ ಹೋಯಿತು, ಬೆರಳ ತುದಿಗೆ ತಣ್ಣನೆ ಹಸಿ ತಾಗಿತು. ಆ ತೇವ ಆರಬಾರದೆಂದೇ ರೈತರು ಎಡೆಕುಂಟೆ ಹೊಡೆದು ಬಿರುಕಿನ ಬಾಯಿ ಮುಚ್ಚುತ್ತಾರೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೂರಡಿಗೆ ಬಂಡೆ ಸಿಗುವ ಕೆಂಪು ಮಣ್ಣಿಗೆ ಈ ಶಕ್ತಿ ಇಲ್ಲ. ಅಲ್ಲಿ ಎರಡು ವಾರ ಮಳೆ ತಪ್ಪಿದರೆ ಎಲೆ ಮುದುಡುತ್ತದೆ.

ಕರಾವಳಿಯಲ್ಲಂತೂ ಒಂದೇ ಮನೆಯ ಗದ್ದೆಗಳಲ್ಲೇ ಈ ವ್ಯತ್ಯಾಸ ಕಾಣುತ್ತದೆ. ತಗ್ಗಿನ ಬೈಲು ಮೂರು ಬೆಳೆ ಕೊಡಬಲ್ಲದು, ನಡುವಿನ ಮಜಲು ಎರಡು. ಮೇಲಿನ ಬೆಟ್ಟು ಗದ್ದೆಗೆ ಮಳೆಗಾಲದ ಒಂದೇ ಬೆಳೆ.

ಒಣಸೀಮೆ ಎಂದು ಚಳ್ಳಕೆರೆಯನ್ನು ಬಡ ನೆಲವೆಂದು ಕರೆದರೆ ನನಗೆ ಬೇಸರವಾಗುತ್ತದೆ. ಶೇಂಗಾ ನಂಬಿ ಅಲ್ಲಿ ಸಾಲುಸಾಲು ಎಣ್ಣೆ ಗಿರಣಿ ಎದ್ದವು, ಊರಿಗೆ ಎಣ್ಣೆ ನಗರಿ ಎಂದೇ ಹೆಸರು ಬಂತು. ಕುರುಚಲು ಕಾವಲುಗಳಲ್ಲಿ ಕುರಿ ಸಾಕಿ ನೇಯ್ದ ಕಂಬಳಿಗೆ ದೂರದೂರದ ಗಿರಾಕಿಗಳಿದ್ದರು. ಆಚೆ ಪಾವಗಡದಲ್ಲಿ ಮೋಡವಿಲ್ಲದ ಆಕಾಶವನ್ನೇ ನಂಬಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಬಂದಿದೆ. ಜಮೀನು ಗುತ್ತಿಗೆಗೆ ಕೊಟ್ಟವರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು? ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವವನು ನಾನು.

ಆ ರೈತರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮುಂಗಾರಿನ ಹೊತ್ತಿಗೆ ಅವರ ಹೊಲಕ್ಕೆ ಹೋದೆ. ಮೂರೂವರೆ ಎಕರೆಯಲ್ಲಿ ಶೇಂಗಾ, ನಡುನಡುವೆ ತೊಗರಿ ಸಾಲು, ಬದುವಿಗೆ ಹುಣಸೆ ಸಸಿ. ಮುಂಗಡ ವಾಪಸ್ ಬರಲಿಲ್ಲವಂತೆ, ಅದಕ್ಕೆ ಅರ್ಧ ಎಕರೆಗೆ ಅಡಿಕೆ ನೆಟ್ಟಿದ್ದಾರೆ. ಅದರ ಪಕ್ಕದಲ್ಲೇ ಕೃಷಿಹೊಂಡ ತೋಡುತ್ತಿದ್ದರು. "ಇಲ್ಲಿ ಆರಡಿ ಆದ್ರೂ ಬಂಡೆ ಸಿಕ್ಕಿಲ್ಲ ಸಾರ್" ಎಂದು ಗುಂಡಿಯೊಳಗಿಂದಲೇ ಕೂಗಿ ಹೇಳಿದರು.