ಮನೆ ನಿಮ್ಮದು, ಮುಂದಿನ ರಸ್ತೆ ಯಾರದು?

ಇಂಗ್ಲೆಂಡಿನ ಹೊಸ ಬಡಾವಣೆಗಳಲ್ಲಿ ಕಾಲಡಿ ನೋಡಿಕೊಂಡು ನಡೆದರೆ ಎಷ್ಟೋ ಕಡೆ ಒಂದು ಗೆರೆ ಸಿಗುತ್ತದೆ. ಮುಖ್ಯರಸ್ತೆಯಿಂದ ಒಳಗೆ ತಿರುಗುವ ಜಾಗದಲ್ಲಿ ಡಾಂಬರಿನ ಬಣ್ಣ ಬದಲಾಗಿರುತ್ತದೆ, ಇಲ್ಲವೇ ಡಾಂಬರು ಮುಗಿದು ಇಟ್ಟಿಗೆ ಹಾಸು ಶುರುವಾಗಿರುತ್ತದೆ. ಗೆರೆಯ ಆಚೆ ಗುಂಡಿ ಬಿದ್ದರೆ ಕೌನ್ಸಿಲ್‌ಗೆ, ಅಂದರೆ ಅಲ್ಲಿನ ಸ್ಥಳೀಯ ಆಡಳಿತಕ್ಕೆ, ದೂರು ಕೊಟ್ಟರಾಯಿತು. ಈಚೆ ಬಿದ್ದರೆ ಯಾರನ್ನು ಕೇಳಬೇಕೆಂದು ಅಲ್ಲಿ ಮನೆ ಕೊಂಡವರಿಗೇ ಬಹಳ ಸಲ ಗೊತ್ತಿರುವುದಿಲ್ಲ. ಹೆಸರೇ ಕೇಳಿರದ ಯಾವುದೋ ಕಂಪನಿಯಿಂದ ನಿರ್ವಹಣಾ ಶುಲ್ಕದ ಪತ್ರ ಬಂದ ದಿನ ಗೊತ್ತಾಗುತ್ತದೆ.

ಇದು ಅಪರೂಪದ ಸಂಗತಿ ಎಂದುಕೊಳ್ಳಬೇಡಿ. ಮಾರುಕಟ್ಟೆಯ ಸ್ಪರ್ಧೆಯ ಮೇಲೆ ಕಣ್ಣಿಡುವ ಬ್ರಿಟನ್ನಿನ ಸರ್ಕಾರಿ ಸಂಸ್ಥೆ ಸಿಎಂಎ, 2024ರ ಫೆಬ್ರುವರಿಯಲ್ಲಿ ಮನೆ ನಿರ್ಮಾಣ ಉದ್ಯಮದ ಬಗ್ಗೆ ವರದಿ ಕೊಟ್ಟಿತು. 11 ದೊಡ್ಡ ಬಿಲ್ಡರ್‌ಗಳು 2021–22ರಲ್ಲಿ ಮಾರಿದ ಹೊಸ ಮನೆಗಳಲ್ಲಿ ಶೇಕಡ 80ರಷ್ಟಕ್ಕೆ ಇಂಥ ಶುಲ್ಕ ಅಂಟಿಕೊಂಡಿತ್ತು. ಸರಾಸರಿ ವರ್ಷಕ್ಕೆ 350 ಪೌಂಡ್. ಕೆಲಸದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರು ಮೊದಲ ಮನೆಯೆಂದು ಕೊಳ್ಳುವುದೂ ಅನೇಕ ಸಲ ಇಂಥ ಬಡಾವಣೆಗಳಲ್ಲೇ. ಕೌನ್ಸಿಲ್ ತೆರಿಗೆ ಪೂರ್ತಿ ಕಟ್ಟಿ, ಮೇಲೆ ಮನೆ ಮುಂದಿನ ರಸ್ತೆಗೂ ಬೇರೆ ದುಡ್ಡು ಕೊಡುವುದು ಯಾವ ನ್ಯಾಯ ಎಂಬ ಅವರ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ ಸುಮಾರು ಐನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಳೆಯ ಇಂಗ್ಲೆಂಡಿನಲ್ಲಿ ರಸ್ತೆ ಊರಿನ ಹೊರೆಯಾಗಿತ್ತು. 1555ರ ಕಾಯ್ದೆಯ ಪ್ರಕಾರ ಪ್ರತಿ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ ಜನ ವರ್ಷಕ್ಕೆ ನಾಲ್ಕು ದಿನ ರಸ್ತೆಗಾಗಿ ಬಿಟ್ಟಿ ದುಡಿಯಬೇಕಿತ್ತು. 1563ರಲ್ಲಿ ಅದು ಆರು ದಿನವಾಯಿತು. ಬಂಡಿ, ಎತ್ತು ಇದ್ದವರು ಅವನ್ನೂ ತರಬೇಕು. ಜನ ಗೊಣಗಿಕೊಂಡೇ ಹೋಗುತ್ತಿದ್ದರು. ಆದರೂ ರಸ್ತೆ ಎಲ್ಲರದು, ರಿಪೇರಿಯೂ ಎಲ್ಲರದು ಎಂಬ ಲೆಕ್ಕ ಸರಳವಾಗಿತ್ತು. ಯಾರೋ ತನ್ನ ಜಾಗದಲ್ಲಿ ದಾರಿ ಬಿಟ್ಟುಕೊಟ್ಟು, ಜನ ಅದರಲ್ಲಿ ಓಡಾಡತೊಡಗಿದರೆ ಆ ದಾರಿಯ ಹೊಣೆಯೂ ಊರಿನ ತಲೆಗೇ ಬರುತ್ತಿತ್ತು.

ಕೈಗಾರಿಕೆ ಬೆಳೆದು ಪಟ್ಟಣಗಳು ಉಬ್ಬಿದಾಗ ಈ ಲೆಕ್ಕ ತಪ್ಪಿತು. ಜಮೀನುದಾರ ಹೊಲ ಸೀಳಿ ನಿವೇಶನ ಮಾಡಿ ಮಾರುವುದು, ಅದರ ರಸ್ತೆಯನ್ನು ಊರು ಸಾಕುವುದು ಎಂದರೆ ಹೇಗೆ? 1835ರ ಹೆದ್ದಾರಿ ಕಾಯ್ದೆ ಬಿಟ್ಟಿ ದುಡಿಮೆಯನ್ನು ತೆಗೆದುಹಾಕಿತು. ಜೊತೆಗೆ, ಇನ್ನು ಮುಂದೆ ಮಾಡುವ ಹೊಸ ರಸ್ತೆ ವಿಧಿಪೂರ್ವಕವಾಗಿ ವಹಿಸಿಕೊಳ್ಳದ ಹೊರತು ಊರಿನ ಹೊಣೆಯಲ್ಲ ಎಂದಿತು. ಇಂದಿನ ಆ ಗೆರೆ ಎಳೆದದ್ದು ಆಗಲೇ.

ಯಾರೂ ವಹಿಸಿಕೊಳ್ಳದ ಬೀದಿಗಳು ಕೆಸರಿನಲ್ಲಿ ಮುಳುಗಿದವು. ಆಮೇಲೆ 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ, 1892ರ ಖಾಸಗಿ ಬೀದಿ ಕಾಮಗಾರಿ ಕಾಯ್ದೆ ಬಂದವು. ಸ್ಥಳೀಯ ಆಡಳಿತ ಬೀದಿಗೆ ಕಲ್ಲು ಹಾಸಿ, ಮೋರಿ ಕಟ್ಟಿ, ಖರ್ಚನ್ನು ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಿತ್ತು. ಹಂಚುವ ಅಳತೆಗೋಲು ಮನೆಯ ಮುಂಭಾಗದ ಉದ್ದ. ಮೂಲೆ ಮನೆಯವನ ಗತಿ ಊಹಿಸಿಕೊಳ್ಳಿ. ಬೀದಿಯ ನೆಲ ಯಾರದೆಂದು ಕಾಗದಪತ್ರ ಹೇಳದಿದ್ದರೆ ರಸ್ತೆಯ ನಡುಗೆರೆಯವರೆಗೆ ಈ ಕಡೆಯ ಮನೆಯವನದು, ಅಲ್ಲಿಂದಾಚೆ ಎದುರು ಮನೆಯವನದು ಎಂದು ನ್ಯಾಯಾಲಯಗಳು ಭಾವಿಸುತ್ತಿದ್ದವು. ಈಗಲೂ ಭಾವಿಸುತ್ತವೆ. ನಡುರಸ್ತೆಯ ಗುಂಡಿಯಲ್ಲಿ ಅರ್ಧ ನಿಮ್ಮದು, ಅರ್ಧ ಎದುರು ಮನೆಯವರದು!

ಬಿಲ್ಡರ್ ರಸ್ತೆಯನ್ನು ತನ್ನಲ್ಲೇ ಉಳಿಸಿಕೊಂಡು ‘ರಿಪೇರಿ ನಾನು ಮಾಡುತ್ತೇನೆ’ ಎಂದು ಕ್ರಯಪತ್ರದಲ್ಲಿ ಬರೆದುಕೊಟ್ಟರೆ ಸಾಲದೇ? ಸಾಲದು ಎಂದವರು 1885ರಲ್ಲಿ ಓಲ್ಡ್‌ಹ್ಯಾಮ್ ಪ್ರಕರಣ ಕೇಳಿದ ನ್ಯಾಯಾಧೀಶರು. ಮ್ಯಾಂಚೆಸ್ಟರ್ ಹತ್ತಿರದ ಈ ಗಿರಣಿ ಊರಿನಲ್ಲಿ ಕೆಲವು ಟ್ರಸ್ಟಿಗಳು ಒಬ್ಬ ಜಮೀನುದಾರನಿಂದ ಜಾಗ ಪಡೆದು ಸುಂಕದ ರಸ್ತೆ ಮಾಡಿದ್ದರು. ಅದನ್ನು ಸುಸ್ಥಿತಿಯಲ್ಲಿಡುತ್ತೇವೆಂದು ಬರೆದುಕೊಟ್ಟಿದ್ದರು. ಮುಂದೆ ಪಕ್ಕದ ಜಮೀನು ಆಸ್ಟರ್‌ಬರಿ ಎಂಬಾತನ ಕೈಗೆ ಬಂತು, ರಸ್ತೆ ನಗರಸಭೆಯ ಕೈಗೆ ಹೋಯಿತು. ನಗರಸಭೆ ರಸ್ತೆ ಸರಿಪಡಿಸಿ ಪಾಲು ಕೇಳಿದಾಗ ಆಸ್ಟರ್‌ಬರಿ ಆ ಹಳೆಯ ಪತ್ರವನ್ನು ಮುಂದಿಟ್ಟ. ಸೋತ. ಬರೆದುಕೊಟ್ಟ ಮಾತು ಬರೆದುಕೊಟ್ಟವನನ್ನು ಕಟ್ಟಿಹಾಕುತ್ತದೆಯೇ ಹೊರತು ಅವನಿಂದ ಆಸ್ತಿ ಪಡೆದವನನ್ನಲ್ಲ ಎಂಬುದು ತೀರ್ಪು.

ಅದಕ್ಕೂ ಮೊದಲು, 1848ರಲ್ಲಿ, ಲಂಡನ್ನಿನ ಲೆಸ್ಟರ್ ಚೌಕದ ತೋಟದ ವ್ಯಾಜ್ಯದಲ್ಲಿ ಬೇರೆಯದೇ ತೀರ್ಪು ಬಂದಿತ್ತು. ತೋಟದಲ್ಲಿ ಕಟ್ಟಡ ಕಟ್ಟಬಾರದೆಂಬ ಷರತ್ತು, ಅದು ಗೊತ್ತಿದ್ದೇ ಕೊಂಡ ಮುಂದಿನ ಮಾಲೀಕನಿಗೂ ಅನ್ವಯಿಸುತ್ತದೆ ಎಂದಿತ್ತು ನ್ಯಾಯಾಲಯ. ಎರಡನ್ನೂ ಸೇರಿಸಿ ಓದಿದರೆ ಆಂಗ್ಲ ಕಾನೂನಿನ ವಿಚಿತ್ರ ಕಾಣುತ್ತದೆ: ‘ಮಾಡಕೂಡದು’ ಜಮೀನಿನ ಜೊತೆ ಸಾಗುತ್ತದೆ, ‘ಮಾಡಬೇಕು’ ಸಾಗುವುದಿಲ್ಲ. ಲೆಸ್ಟರ್ ಚೌಕದ ತತ್ವ ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಮಿನಲ್ಲಿ ಕುಳಿತಿದೆ. ಆದರೆ ಬಡಾವಣೆಯ ರಸ್ತೆಯ ವಿಷಯದಲ್ಲಿ ನಾವು ಹಿಡಿದ ದಾರಿ ಬೇರೆ. ನಕ್ಷೆಗೆ ಮಂಜೂರಾತಿ ಕೊಡುವಾಗಲೇ ರಸ್ತೆ, ಚರಂಡಿಗಳ ಒಡೆತನವನ್ನು ಪರಿಹಾರವಿಲ್ಲದೆ ಪ್ರಾಧಿಕಾರಕ್ಕೆ ಬಿಟ್ಟುಕೊಡಿಸಿಕೊಳ್ಳಲು 1976ರ ಬಿಡಿಎ ಕಾಯ್ದೆಯ 32ನೇ ಕಲಂ ಅವಕಾಶ ಕೊಡುತ್ತದೆ. ಕಾಗದದ ಮೇಲಂತೂ ಇದು ಇಂಗ್ಲೆಂಡಿನದಕ್ಕಿಂತ ಚೊಕ್ಕವಾಗಿದೆ. ಬೆಂಗಳೂರಿನ ಕಂದಾಯ ಬಡಾವಣೆಗಳ ಮಾತು ಇಲ್ಲಿ ಬೇಡ.

ಈ ಇತಿಹಾಸದಲ್ಲಿ ನನಗೆ ತುಂಬ ಹಿಡಿಸಿದ ಜಾಗ ಲಿವರ್‌ಪೂಲಿನ ಕ್ರೆಸಿಂಗ್ಟನ್ ಪಾರ್ಕ್. ಮರ್ಸಿ ನದಿಯ ದಂಡೆ, ವಿಕ್ಟೋರಿಯಾ ಕಾಲದ ದೊಡ್ಡ ಮನೆಗಳು, ಬೀದಿಗೆ ಗ್ಯಾಸ್ ದೀಪ, ನದಿಯುದ್ದಕ್ಕೆ ಅಡ್ಡಾಡುವ ಕಟ್ಟೆ. 1851ರಲ್ಲಿ ಇದನ್ನು ನಿವೇಶನ ಮಾಡಿ ಮಾರಿದವರು ರಸ್ತೆ, ಒಳಚರಂಡಿ, ನದಿ ಕಟ್ಟೆ, ತಡೆಗೋಡೆಗಳನ್ನು ಟ್ರಸ್ಟಿಗಳ ವಶದಲ್ಲಿಟ್ಟರು. ಕೊಂಡವರೆಲ್ಲ ಬಳಸಬಹುದು, ಖರ್ಚಿಗೆ ತಕ್ಕ ಪಾಲು ಕೊಡಬೇಕು ಎಂದು ಪತ್ರವಾಯಿತು. ನೂರು ವರ್ಷ ಕಳೆಯಿತು. ದೊಡ್ಡ ಮನೆಗಳನ್ನು ಒಡೆದು ಫ್ಲ್ಯಾಟ್ ಮಾಡುವ ಕಾಲ ಬಂತು. 1950ರಲ್ಲಿ ಸಭೆ ಸೇರಿದ ನಿವಾಸಿಗಳು, ಒಂದು ಮನೆ ಎರಡು ಮೂರು ಸಂಸಾರವಾದರೆ ವಂತಿಗೆಯೂ ಹೆಚ್ಚಬೇಕೆಂದು ಠರಾವು ಮಾಡಿದರು. ಅಂಥದೊಂದು ಮನೆಯ ವಾರಸುದಾರರು ಒಪ್ಪಲಿಲ್ಲ. 1851ರ ಪತ್ರಕ್ಕೆ ರುಜು ಹಾಕಿದವರು ನಾವಲ್ಲವಲ್ಲ ಎಂದರು. ಓಲ್ಡ್‌ಹ್ಯಾಮ್ ತೀರ್ಪು ಅವರ ಬೆನ್ನಿಗಿತ್ತು.

1957ರಲ್ಲಿ ನ್ಯಾಯಮೂರ್ತಿ ಅಪ್‌ಜಾನ್ ಪಕ್ಕದ ದಾರಿಯೊಂದನ್ನು ತೆರೆದರು. ಪತ್ರ ನಿಮ್ಮನ್ನು ನೇರವಾಗಿ ಕಟ್ಟಿಹಾಕದು, ನಿಜ. ಆದರೆ ಅದೇ ಪತ್ರ ಕೊಟ್ಟ ರಸ್ತೆಯಲ್ಲಿ ಓಡಾಡುತ್ತಾ, ಅದೇ ಚರಂಡಿಗೆ ನೀರು ಬಿಡುತ್ತಾ, ಅದು ಹೇಳುವ ಹೊರೆ ಮಾತ್ರ ಬೇಡ ಎನ್ನಲಾಗದು. ಹಾಲು ಕರೆದುಕೊಳ್ಳುವವನು ಮೇವು ಹಾಕಬೇಕು, ಅಷ್ಟೇ. ಫ್ಲ್ಯಾಟ್‌ಗಳ ವಂತಿಗೆಯ ಲೆಕ್ಕ ಒಂದು ಕಡೆ ಇರಲಿ, ಖಾಸಗಿ ರಸ್ತೆಗೆ ದುಡ್ಡು ಕೇಳುವವರು ಇಂದಿಗೂ ಈ ತೀರ್ಪಿನ ಆಸರೆ ಪಡೆಯುತ್ತಾರೆ.

ಕ್ರೆಸಿಂಗ್ಟನ್ ಜಗಳದ ಮೂಲದಲ್ಲಿ ನಿವಾಸಿಗಳ ಒಂದು ಸಭೆ ಇತ್ತು ಎಂಬುದನ್ನು ಗಮನಿಸಿ. ಠರಾವು ಸರಿಯೋ ತಪ್ಪೋ, ಮಾಡಿದವರು ಅದೇ ಬೀದಿಯವರು. ಮುಂದೆ ಕಾನೂನು ಮಾಡಿದವರ ಗಮನವೆಲ್ಲ ವಸೂಲಿಯ ಕಡೆ ಹರಿಯಿತು. 1977ರ ರೆಂಟ್‌ಚಾರ್ಜ್ ಕಾಯ್ದೆ, ಆಸ್ತಿಯ ಮೇಲೆ ಕಾಯಂ ವಾರ್ಷಿಕ ಹಣ ಹೇರುವ ಹಳೆಯ ಪದ್ಧತಿಗೆ ಬಾಗಿಲು ಹಾಕಿತಾದರೂ ಬಡಾವಣೆಯ ನಿರ್ವಹಣೆಗೆಂದು ಒಂದು ಕಿಂಡಿ ಬಿಟ್ಟಿತು. 1925ರ ಇನ್ನೊಂದು ಕಾಯ್ದೆಯಂತೆ ರೆಂಟ್‌ಚಾರ್ಜ್ 40 ದಿನ ಬಾಕಿಯಾದರೆ, ಹಣ ಬರಬೇಕಾದವನು ನಿಮ್ಮ ಮನೆಯನ್ನೇ ಟ್ರಸ್ಟಿಗಳಿಗೆ ಗುತ್ತಿಗೆ ಬರೆಯಬಹುದಿತ್ತು. ವರ್ಷಕ್ಕೆ ಕೆಲವೇ ಪೌಂಡುಗಳ ಹಳೆಯ ರೆಂಟ್‌ಚಾರ್ಜ್ ಬಾಕಿಗೆ 99 ವರ್ಷದ ಗುತ್ತಿಗೆ ಬರೆಸಿಕೊಂಡದ್ದು 2016ರಲ್ಲಿ ನ್ಯಾಯಮಂಡಳಿಯ ಮುಂದೆ ಊರ್ಜಿತವಾಯಿತು.

ಕೌನ್ಸಿಲ್ ರಸ್ತೆಯನ್ನು ವಹಿಸಿಕೊಂಡರೆ ಇದಾವ ತಲೆನೋವೂ ಇಲ್ಲ. 1980ರ ಹೆದ್ದಾರಿ ಕಾಯ್ದೆಯ 38ನೇ ಕಲಮಿನಂತೆ ಬಿಲ್ಡರ್ ಮತ್ತು ಆಡಳಿತ ಒಪ್ಪಂದ ಮಾಡಿಕೊಳ್ಳಬಹುದು. ಮಾಡಿಕೊಳ್ಳಲೇಬೇಕೆಂದಿಲ್ಲ. ಹಣದ ಮುಗ್ಗಟ್ಟಿನ ಕೌನ್ಸಿಲ್‌ಗೆ ಇನ್ನೊಂದು ರಸ್ತೆ ಬೇಡ, ಖರ್ಚು ಉಳಿಸುವ ಬಿಲ್ಡರ್‌ಗೆ ಕೌನ್ಸಿಲ್ ಕೇಳುವ ಗುಣಮಟ್ಟ ಬೇಡ. ಆ ಒಪ್ಪಂದದ ಮೇಜಿನಲ್ಲಿ ಮನೆ ಕೊಳ್ಳುವವನಿಗೆ ಕುರ್ಚಿಯೇ ಇಲ್ಲ.

ಇದಕ್ಕಿಂತ ವಿಪರ್ಯಾಸ ಇನ್ನೊಂದಿದೆ. ಫ್ಲ್ಯಾಟನ್ನು ದೀರ್ಘಾವಧಿ ಗುತ್ತಿಗೆಯಲ್ಲಿ ಕೊಂಡವರು, ಶುಲ್ಕ ನ್ಯಾಯವೇ ಎಂದು ನ್ಯಾಯಮಂಡಳಿಯಲ್ಲಿ ಕೇಳಬಹುದು. ತಲಾ 250 ಪೌಂಡ್ ಮೀರುವ ಕಾಮಗಾರಿಗೆ ಮೊದಲು ಅವರ ಅಭಿಪ್ರಾಯ ಕೇಳಲೇಬೇಕು. 1985ರ ಕಾಯ್ದೆಯ ಬೇರಿನಿಂದ ಬಂದ ಈ ಹಕ್ಕುಗಳು, ನೆಲಸಮೇತ ಸ್ವಂತ ಮನೆ ಕೊಂಡವರಿಗೆ ಇರಲಿಲ್ಲ. ಸ್ವಂತದ್ದು ಎಂಬ ಹೆಮ್ಮೆಗೆ ಹೆಚ್ಚು ದುಡ್ಡು ಕೊಟ್ಟು ಕಡಿಮೆ ಹಕ್ಕು ಪಡೆದಂತಾಯಿತು. 2024ರ ಮೇ 24ರಂದು ಅಂಗೀಕಾರ ಪಡೆದ ಲೀಸ್‌ಹೋಲ್ಡ್ ಮತ್ತು ಫ್ರೀಹೋಲ್ಡ್ ಸುಧಾರಣಾ ಕಾಯ್ದೆ ಈ ಕೊರತೆ ತುಂಬಲು ಹೊರಟಿದೆ: ಲೆಕ್ಕ ಕೇಳುವ, ಶುಲ್ಕವನ್ನು ಪ್ರಶ್ನಿಸುವ, ಕೆಲಸ ಕೆಟ್ಟರೆ ಬೇರೆ ಮ್ಯಾನೇಜರ್ ನೇಮಿಸಿರೆಂದು ನ್ಯಾಯಮಂಡಳಿಗೆ ಹೋಗುವ ಹಕ್ಕುಗಳು ಅದರಲ್ಲಿವೆ. ಅಂಗೀಕಾರ ಸಿಕ್ಕಿದ ದಿನವೇ ಅವು ಕೈಗೆ ಬರಲಿಲ್ಲ. ಅದಕ್ಕೆ ಉಪನಿಯಮಗಳು ಬೇಕಿದ್ದವು.

ಕೆಲವು ಬಡಾವಣೆಗಳಲ್ಲಿ ನಿವಾಸಿಗಳದೇ ಕಂಪನಿ ಇರುತ್ತದೆ. ಮನೆಗೊಂದು ಸದಸ್ಯತ್ವ, ಮನೆಗೊಂದು ಮತ, ವರ್ಷಕ್ಕೊಂದು ಸಭೆ. ಹಂಪ್ ಹಾಕಬೇಕೇ, ಅಂಚಿನಲ್ಲಿ ಕಾರು ನಿಲ್ಲಿಸಬಹುದೇ, ಈ ವರ್ಷ ಮೋರಿಯೋ ಡಾಂಬರೋ ಎಂಬುದೆಲ್ಲ ಅಲ್ಲೇ ತೀರ್ಮಾನ, ಜಗಳವೂ ಅಲ್ಲೇ. ಸಭೆಗೆ ಬಾರದವರೇ ಪತ್ರ ಬಂದಾಗ ಜೋರಾಗಿ ಕೂಗುತ್ತಾರೆ ಎಂಬುದು ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘ ನಡೆಸಿದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಆ ಮತವೂ ಮೊದಲ ದಿನವೇ ಕೈಗೆ ಬರಬೇಕೆಂದಿಲ್ಲ. ಕೊನೆಯ ಮನೆ ಮಾರಾಟವಾಗುವವರೆಗೆ ಕಂಪನಿಯ ಹಿಡಿತ ಬಿಲ್ಡರ್ ಬಳಿಯೇ ಇರಲೆಂದು ಎಷ್ಟೋ ಕಡೆ ಪತ್ರದಲ್ಲೇ ಬರೆದಿರುತ್ತದೆ. ಮೊದಲು ಬಂದು ನೆಲೆಸಿದವರು, ತಾವು ಆರಿಸದ ನಿರ್ದೇಶಕರು ಕಳಿಸಿದ ಬಿಲ್ಲನ್ನು ಅಲ್ಲಿಯತನಕ ಕಟ್ಟುತ್ತಿರಬೇಕು.