ಸೇರುವ ಮೊದಲು ಬಿಡುವ ಷರತ್ತು ಓದಿ

ಡಿಸೆಂಬರ್ ಬಂತೆಂದರೆ ನನಗೆ ಒಂದೇ ಥರದ ಫೋನು ಕರೆಗಳು. ಒಮ್ಮೆ ಕರೆ ಮಾಡಿದವನು ದಾವಣಗೆರೆ ಕಡೆಯ ಹುಡುಗ. ಎಂಎಸ್ ಓದಲು ಅಮೆರಿಕಕ್ಕೆ ಬಂದು ನಾಲ್ಕು ತಿಂಗಳಾಗಿತ್ತು.

"ಅಕ್ಕಾ, ಕ್ಯಾಂಪಸ್ ರೂಮು ಬಿಟ್ಟು ಫ್ರೆಂಡ್ಸ್ ಜೊತೆ ಹೊರಗೆ ಹೋಗೋಣ ಅಂತಿದೀನಿ. ಒಂದು ತಿಂಗಳು ಮುಂಚೆ ಹೇಳಿದ್ರೆ ಸಾಕಲ್ವಾ?"

ಸಾಲದು. ಅವನ ಕರಾರು ಜುಲೈ ಕೊನೆಯವರೆಗೆ ಇತ್ತು. ವೀಸಾ, ಟಿಕೆಟ್, ಬ್ಯಾಂಕ್ ಸಾಲದ ಗಡಿಬಿಡಿಯಲ್ಲಿ ಊರಿನಲ್ಲೇ ಕೂತು ಮೊಬೈಲಿನಲ್ಲಿ 'ಒಪ್ಪಿದ್ದೇನೆ' ಎಂಬ ಚೌಕ ಒತ್ತಿದ್ದ. ಹನ್ನೆರಡು ಪುಟದಲ್ಲಿ ಬಾಡಿಗೆ ಎಷ್ಟು ಅನ್ನುವ ಸಾಲನ್ನು ಮಾತ್ರ ಓದಿದ್ದ.

ನಾನು ಅಮೆರಿಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ವಸತಿ ಕಚೇರಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಕರಾರುಗಳನ್ನು ನೋಡಿಕೊಳ್ಳುತ್ತೇನೆ. ರೂಮು ಸಿಗಲಿಲ್ಲ ಅಂತ ಅತ್ತವರನ್ನು ಕಂಡಿದ್ದೇನೆ. ಆದರೆ ರೂಮು ಬಿಡಲಾಗದೆ ಅತ್ತವರೇ ಜಾಸ್ತಿ. ಅದಕ್ಕೇ ಹೊಸದಾಗಿ ಬರುವ ನಮ್ಮ ಮಕ್ಕಳಿಗೆ ನಾನು ಮೊದಲು ಹೇಳುವುದು ಒಂದೇ: ಬಿಡುವ ಷರತ್ತು ಎಲ್ಲಿದೆ ಅಂತ ಹುಡುಕಿ, ಅದನ್ನು ಓದಿ, ಆಮೇಲೆ ಸಹಿ ಮಾಡಿ.

ಬೆಂಗಳೂರಿನ ಪಿಜಿಯಲ್ಲಿ ಇದ್ದವರಿಗೆ ಒಂದು ತಿಂಗಳ ನೋಟಿಸ್ ಕೊಟ್ಟು ಅಭ್ಯಾಸ. ಓನರ್ ಅಡ್ವಾನ್ಸ್‌ನಲ್ಲಿ ಸ್ವಲ್ಪ ಹಿಡಿದುಕೊಂಡು ಮಿಕ್ಕಿದ್ದು ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. 'ಲೀಸ್' ಅಂದರೆ ನಮ್ಮ ಕಡೆ ಭೋಗ್ಯ: ಒಟ್ಟಿಗೆ ದುಡ್ಡು ಕೊಟ್ಟು ಬಾಡಿಗೆ ಇಲ್ಲದೆ ಇರುವುದು. ಅಮೆರಿಕದಲ್ಲಿ ಲೀಸ್ ಅಂದರೆ ಮಾಮೂಲಿ ಬಾಡಿಗೆ ಕರಾರು. ಕ್ಯಾಂಪಸ್ ವಸತಿ ಬಹಳಷ್ಟು ಕಡೆ ಲೀಸ್ ಕೂಡ ಅಲ್ಲ, ಲೈಸೆನ್ಸ್. ಅಂದರೆ ವಿಶ್ವವಿದ್ಯಾಲಯ ನಿಮಗೆ ಒಂದು ಹಾಸಿಗೆಯ ಜಾಗವನ್ನು ಇಂಥ ದಿನದಿಂದ ಇಂಥ ದಿನದವರೆಗೆ ಬಳಸಲು ಅನುಮತಿ ಕೊಟ್ಟಿದೆ, ಅಷ್ಟೇ. ಬೇಕಾದರೆ ನಿಮ್ಮನ್ನು ಬೇರೆ ರೂಮಿಗೆ ಕಳಿಸುವ ಹಕ್ಕನ್ನು ಅದು ಇಟ್ಟುಕೊಂಡಿರುತ್ತದೆ. ಕೋರ್ಸಿಗೆ ನೋಂದಣಿ ಇರುವವರೆಗೆ ಮಾತ್ರ ನಿಮಗೆ ಅಲ್ಲಿ ಜಾಗ. ನೀವು ದುಡ್ಡು ಕೊಡುವುದು ತಿಂಗಳ ಲೆಕ್ಕದಲ್ಲಿ ಇದ್ದರೂ, ಒಪ್ಪಿಕೊಂಡಿರುವುದು ಪೂರ್ತಿ ಅವಧಿಗೆ.

ಹಾಗಾದರೆ ನಡುವೆ ಬಿಡುವುದು ಸಾಧ್ಯವೇ ಇಲ್ಲವಾ? ಇದೆ. ಡಿಗ್ರಿ ಮುಗಿದರೆ, ಓದು ಬಿಟ್ಟರೆ, ಒಂದು ಸೆಮಿಸ್ಟರ್ ರಜೆ ತೆಗೆದುಕೊಂಡರೆ ಸಾಮಾನ್ಯವಾಗಿ ಬಿಡುಗಡೆ ಸಿಗುತ್ತದೆ. ದೂರದ ಊರಿನಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಮದುವೆ, ಕಾಯಿಲೆಗೆ ದಾಖಲೆ ಕೇಳುತ್ತಾರೆ. ಹೊರಗೆ ಕಮ್ಮಿಗೆ ಮನೆ ಸಿಕ್ಕಿತು, ರೂಮ್‌ಮೇಟ್ ಮಾಂಸ ಬೇಯಿಸುತ್ತಾನೆ, ಚಳಿಯಲ್ಲಿ ನಡೆಯಲು ಆಗುವುದಿಲ್ಲ: ಇವು ಯಾವುವೂ ಕಾರಣ ಆಗುವುದಿಲ್ಲ. ಆಗ ಉಳಿದ ಬಾಡಿಗೆಯಲ್ಲಿ ದೊಡ್ಡ ಪಾಲು ದಂಡ. ಕಟ್ಟದಿದ್ದರೆ ನಿಮ್ಮ ವಿದ್ಯಾರ್ಥಿ ಖಾತೆಗೆ ತಡೆ ಬೀಳುತ್ತದೆ. ಮುಂದಿನ ಸೆಮಿಸ್ಟರ್‌ಗೆ ನೋಂದಣಿ ಆಗುವುದಿಲ್ಲ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ನೋಂದಣಿ ತಪ್ಪಿದರೆ ದೇಶದಲ್ಲಿ ಇರುವ ಅನುಮತಿಗೇ ಕುತ್ತು.

ದಿನಾಂಕಗಳಲ್ಲಿ ಇನ್ನೂ ಒಂದು ಹೊಂಡ ಇದೆ. ಟಿಎ (ಬೋಧನಾ ಸಹಾಯಕ), ಆರ್‌ಎ (ಸಂಶೋಧನಾ ಸಹಾಯಕ) ಕೆಲಸದ ಸಂಬಳ ಅನೇಕರಿಗೆ ಒಂಬತ್ತು ತಿಂಗಳು ಮಾತ್ರ ಬರುತ್ತದೆ. ಅಪಾರ್ಟ್‌ಮೆಂಟ್ ಕರಾರು ಹನ್ನೆರಡು ತಿಂಗಳಿನದು. ಬೇಸಿಗೆಯ ಮೂರು ತಿಂಗಳು ಸಂಬಳ ಇಲ್ಲ, ಬಾಡಿಗೆ ಇದೆ. ಪಿಎಚ್‌ಡಿಗೆ ಬಂದವರು ಕೂಡ ಇಲ್ಲಿ ಎಡವುತ್ತಾರೆ. ಆಫರ್ ಪತ್ರವನ್ನೂ ವಸತಿ ಕರಾರನ್ನೂ ಪಕ್ಕಪಕ್ಕ ಇಟ್ಟು ತಿಂಗಳು ಎಣಿಸಿ. ಬೇಸಿಗೆಗೆ ರೂಮನ್ನು ಬೇರೆಯವರಿಗೆ ಕೊಡಲು, ಅಂದರೆ ಸಬ್‌ಲೆಟ್ ಮಾಡಲು ಅವಕಾಶ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಒಪ್ಪಿಗೆ ಇಲ್ಲದೆ ಕೊಟ್ಟರೆ ಇಬ್ಬರನ್ನೂ ಹೊರಗೆ ಕಳಿಸಬಹುದು.

ಬರುವ ದಿನವೂ ಮುಖ್ಯ. ಕೋರ್ಸ್ ಶುರುವಾಗುವ 30 ದಿನ ಮುಂಚೆಯೇ ಎಫ್-1 ವೀಸಾದಲ್ಲಿ ದೇಶದೊಳಗೆ ಬರಬಹುದು. ಹಾಗಂತ ರೂಮಿನ ಬಾಗಿಲು ಅಂದೇ ತೆರೆಯುವುದಿಲ್ಲ. ಕರಾರು ಶುರುವಾಗುವ ದಿನ ಬೇರೆ. ಒಂದು ಭಾನುವಾರ ರಾತ್ರಿ ಒಬ್ಬ ಹುಡುಗಿ ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಕರಾರು ಮಂಗಳವಾರದಿಂದ. ಅಮ್ಮ ಕಟ್ಟಿಕೊಟ್ಟ ಚಪಾತಿ ಇನ್ನೂ ಬ್ಯಾಗಿನಲ್ಲಿತ್ತು. ಆ ಮುಖ ನನಗೆ ಇಂದಿಗೂ ಮರೆತಿಲ್ಲ. ಮುಂಚಿತವಾಗಿ ಬರುವವರಿಗೆ ದಿನಕ್ಕೆ ಇಷ್ಟು ಅಂತ ಕಟ್ಟಿಸಿಕೊಂಡು ಜಾಗ ಕೊಡುವ ಪದ್ಧತಿ ಬಹಳ ಕಡೆ ಇದೆ. ಆದರೆ ಮೊದಲೇ ಅರ್ಜಿ ಹಾಕಿರಬೇಕು. ಹಾಗೆಯೇ, ಪದವಿ ವಿದ್ಯಾರ್ಥಿಗಳ ಹಾಸ್ಟೆಲ್‌ನಲ್ಲಿ ನಿಮಗೆ ಜಾಗ ಕೊಟ್ಟಿದ್ದರೆ ಚಳಿಗಾಲದ ರಜೆಯಲ್ಲಿ ಕಟ್ಟಡ ಮುಚ್ಚುತ್ತದಾ ಅಂತ ಕೇಳಿಕೊಳ್ಳಿ.

ಇಷ್ಟು ಹೇಳಿದೆ ಅಂತ ಕ್ಯಾಂಪಸ್ ವಸತಿ ಬೇಡ ಅಂದುಕೊಳ್ಳಬೇಡಿ. ಮೊದಲ ವರ್ಷಕ್ಕೆ ನಾನು ಅದನ್ನೇ ಹೇಳುತ್ತೇನೆ. ಹೊರಗಿನ ಮನೆಯವರು ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಕ್ರೆಡಿಟ್ ಸ್ಕೋರ್, ಅಮೆರಿಕದಲ್ಲೇ ಇರುವ ಜಾಮೀನುದಾರ ಇದೆಲ್ಲ ಕೇಳುತ್ತಾರೆ. ವಿಶ್ವವಿದ್ಯಾಲಯಕ್ಕೆ ನಿಮ್ಮ ಪ್ರವೇಶ ಪತ್ರವೇ ಸಾಕು. ಇನ್ನೊಂದು, ನನ್ನ ಲೆಕ್ಕದಲ್ಲಿ ಅತಿ ದೊಡ್ಡ ಲಾಭ: ಕ್ಯಾಂಪಸ್‌ನಲ್ಲಿ ಕರಾರು ಸಾಮಾನ್ಯವಾಗಿ ಒಬ್ಬೊಬ್ಬರ ಹೆಸರಲ್ಲಿ ಬೇರೆ ಬೇರೆ. ರೂಮ್‌ಮೇಟ್ ಅರ್ಧಕ್ಕೆ ಹೋದರೆ ಅವನ ಬಾಡಿಗೆ ಅವನ ತಲೆಗೆ. ಹೊರಗೆ ನಾಲ್ಕು ಜನ ಸೇರಿ ಒಂದೇ ಲೀಸ್‌ಗೆ ಸಹಿ ಹಾಕಿದರೆ, ಒಬ್ಬ ಓಡಿಹೋದಾಗ ಅವನ ಪಾಲೂ ಉಳಿದ ಮೂವರ ಮೇಲೆ. ದಾವಣಗೆರೆಯ ಹುಡುಗ ಹೋಗಲು ಹೊರಟಿದ್ದು ಅಂಥ ಮನೆಗೇ.

ಕಟ್ಟಡದ ನಕ್ಷೆ ನೋಡದೆ ರೂಮು ಆರಿಸಬೇಡಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ತೆರೆದ ಮಂಗರ್ ಗ್ರ್ಯಾಜುಯೇಟ್ ರೆಸಿಡೆನ್ಸಸ್ ಇದಕ್ಕೆ ಹೆಸರುವಾಸಿ. ಉದ್ಯಮಿ ಚಾರ್ಲಿ ಮಂಗರ್ ಕೊಟ್ಟ ದಾನದಿಂದ ಕಟ್ಟಿದ್ದು. ಪ್ರತಿಯೊಬ್ಬರಿಗೂ ಸ್ವಂತ ಮಲಗುವ ಕೋಣೆ, ಸ್ವಂತ ಬಾತ್‌ರೂಮು, ಒಂದು ಅಪಾರ್ಟ್‌ಮೆಂಟಿನ ಎಲ್ಲರಿಗೂ ಸೇರಿ ದೊಡ್ಡ ಅಡುಗೆಮನೆ. ಆದರೆ ಹೆಚ್ಚಿನ ಮಲಗುವ ಕೋಣೆಗಳಿಗೆ ಕಿಟಕಿ ಇಲ್ಲ. ಅಲ್ಲಿ ಖುಷಿಯಾಗಿ ಇದ್ದವರೂ ಇದ್ದಾರೆ. ನಮ್ಮ ಹಟ್ಟಿ, ಅಂಗಳ, ಜಗಲಿಯ ಬೆಳಕಿನಲ್ಲಿ ಬೆಳೆದವರಿಗೆ ಅದು ಕಷ್ಟ ಆಗಬಹುದು. ಗೊತ್ತಿದ್ದು ಆರಿಸಿಕೊಳ್ಳುವುದು ಬೇರೆ, ಹೋದ ಮೇಲೆ ಗೊತ್ತಾಗುವುದು ಬೇರೆ.

ಅಡುಗೆಮನೆ ಇದ್ದರೆ ಒಗ್ಗರಣೆಯ ಬಗ್ಗೆ ಒಂದು ಮಾತು. ಒಣಮೆಣಸಿನಕಾಯಿ ಸೀದರೆ ಹೊಗೆ ಅಲಾರಂ ಹೊಡೆದುಕೊಳ್ಳುತ್ತದೆ, ಕೆಲವು ಕಟ್ಟಡಗಳಲ್ಲಿ ಫೈರ್ ಎಂಜಿನ್ ಬಂದೇ ಬಿಡುತ್ತದೆ. ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಅಲಾರಂ ಮೇಲೆ ಪ್ಲಾಸ್ಟಿಕ್ ಕವರ್ ಮಾತ್ರ ಕಟ್ಟಬೇಡಿ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಊದಿನಕಡ್ಡಿ, ದೀಪಾವಳಿಯ ಹಣತೆಗೂ ನಿಷೇಧ ಇರುತ್ತದೆ. ಧಾರ್ಮಿಕ ಆಚರಣೆಗೆ ಅಂತ ಮುಂಚೆಯೇ ಕೇಳಿದರೆ ಕೆಲವು ಕಡೆ ಒಂದು ಜಾಗ ತೋರಿಸುತ್ತಾರೆ.

ಈಗ ಊಟದ ವಿಷಯ. ಇಲ್ಲಿ ನಮ್ಮವರ ದುಡ್ಡು ಸದ್ದಿಲ್ಲದೆ ಸೋರುತ್ತದೆ.

ನಮ್ಮ ಕಡೆ ಹಾಸ್ಟೆಲ್ ಮೆಸ್‌ಗಳಲ್ಲಿ ಡಿವೈಡಿಂಗ್ ಸಿಸ್ಟಮ್ ನೋಡಿದ್ದೀರಿ. ತಿಂಗಳ ಖರ್ಚನ್ನು ತಲೆಗೆ ಹಂಚುತ್ತಾರೆ. ಊರಿಗೆ ಹೋಗುವಾಗ ಬರೆದುಕೊಟ್ಟು ಹೋದರೆ ಅಷ್ಟು ದಿನದ ದುಡ್ಡು ಬಿಲ್ಲಿನಲ್ಲಿ ಕಡಿಮೆ ಆಗುತ್ತದೆ. ಅಮೆರಿಕದ ಮೀಲ್ ಪ್ಲಾನ್‌ನಲ್ಲಿ ಆ ಕಡಿತ ಇಲ್ಲ. ಮೊದಲೇ ಇಷ್ಟು ಊಟ ಅಂತ ಕೊಂಡುಕೊಳ್ಳುತ್ತೀರಿ. ತಿಂದರೂ ನಿಮ್ಮದೇ, ಬಿಟ್ಟರೂ ನಿಮ್ಮದೇ. ಕಾರ್ಡು ಒಮ್ಮೆ ಉಜ್ಜಿದರೆ ಒಂದು ಊಟ, ಅದಕ್ಕೆ ಸ್ವೈಪ್ ಅನ್ನುತ್ತಾರೆ. ವಾರಕ್ಕೆ ಇಷ್ಟು ಸ್ವೈಪ್ ಅನ್ನುವ ಪ್ಲಾನ್‌ನಲ್ಲಿ ಉಳಿದದ್ದು ವಾರದ ಕೊನೆಗೆ ಹೋಗುತ್ತದೆ. ಸೆಮಿಸ್ಟರ್‌ಗೆ ಒಟ್ಟು ಇಷ್ಟು ಊಟ ಅನ್ನುವ ಬ್ಲಾಕ್ ಪ್ಲಾನ್‌ನಲ್ಲಿ ಸೆಮಿಸ್ಟರ್ ಮುಗಿಯುವವರೆಗೆ ಉಳಿಯುತ್ತದೆ. ಜೊತೆಗೆ ಡೈನಿಂಗ್ ಡಾಲರ್ ಅಂತ ಸ್ವಲ್ಪ ದುಡ್ಡು ಹಾಕಿರುತ್ತಾರೆ. ಅದನ್ನು ಕ್ಯಾಂಪಸ್‌ನ ಕಾಫಿ ಅಂಗಡಿಯಲ್ಲಿ ಖರ್ಚು ಮಾಡಬಹುದು. ಅದಕ್ಕೂ ಒಂದು ಕೊನೆ ದಿನ ಇರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ವಾರಕ್ಕೆ 10 ಊಟ, 15 ವಾರ, ಒಟ್ಟು 150 ಊಟಕ್ಕೆ 1,800 ಡಾಲರ್ ಅಂತ ಇಟ್ಟುಕೊಳ್ಳಿ. ಊಟಕ್ಕೆ 12 ಡಾಲರ್. ಪ್ಲಾನ್ ಇಲ್ಲದೆ ಡೈನಿಂಗ್ ಹಾಲ್‌ನ ಬಾಗಿಲಲ್ಲೇ ದುಡ್ಡು ಕೊಟ್ಟು ಹೋದರೆ 14. ಪ್ಲಾನ್ ಅಗ್ಗ ಅನಿಸುತ್ತದೆ, ಅಲ್ವಾ? ಆದರೆ ಲ್ಯಾಬ್, ಅಸೈನ್‌ಮೆಂಟ್, ಶನಿವಾರ ಗೆಳೆಯರ ಮನೆಯ ಬಿಸಿಬೇಳೆಬಾತ್ ಇದೆಲ್ಲ ಸೇರಿ ನೀವು ನಿಜವಾಗಿ ಹೋಗಿದ್ದು ವಾರಕ್ಕೆ ಆರು ಸಲ. ಆಗ 90 ಊಟಕ್ಕೆ 1,800 ಡಾಲರ್, ಒಂದಕ್ಕೆ 20. ಬಾಗಿಲಲ್ಲೇ ಕೊಟ್ಟಿದ್ದರೆ 1,260ಕ್ಕೆ ಮುಗಿಯುತ್ತಿತ್ತು. 540 ಡಾಲರ್ ಗಾಳಿಗೆ ಹೋಯಿತು.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಆದರೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮೀಲ್ ಪ್ಲಾನ್ ಸಾಮಾನ್ಯವಾಗಿ ಕಡ್ಡಾಯ ಅಲ್ಲ. ಅಡುಗೆಗೆ ಜಾಗ ಇಲ್ಲದ ಹಾಲ್‌ಗಳಲ್ಲಿ ಪ್ಲಾನ್ ರೂಮಿನ ಜೊತೆಗೇ ಅಂಟಿಕೊಂಡು ಬರಬಹುದು. ಆದ್ದರಿಂದ ಬರೀ ಬಾಡಿಗೆ ಹೋಲಿಸಬೇಡಿ, ಬಾಡಿಗೆ ಮತ್ತು ಕಡ್ಡಾಯ ಊಟ ಕೂಡಿಸಿ ಹೋಲಿಸಿ. ಕಡ್ಡಾಯ ಇಲ್ಲದಿದ್ದರೆ ನನ್ನ ಸಲಹೆ ಇಷ್ಟು: ಮೊದಲ ಸೆಮಿಸ್ಟರ್‌ಗೆ ಅತಿ ಚಿಕ್ಕ ಬ್ಲಾಕ್ ತೆಗೆದುಕೊಳ್ಳಿ. ದೊಡ್ಡದಕ್ಕೆ ಆಮೇಲೆ ಏರಿಸಿಕೊಳ್ಳುವುದು ಸಾಮಾನ್ಯವಾಗಿ ಸುಲಭ. ಇಳಿಸಲು ಬಹಳ ಕಡೆ ಸೆಮಿಸ್ಟರ್‌ನ ಮೊದಲ ಕೆಲವು ವಾರ ಮಾತ್ರ ಬಿಡುತ್ತಾರೆ.

ಸಸ್ಯಾಹಾರಿಗಳಿಗೆ ಇನ್ನೊಂದು ಕಷ್ಟ. ಇಲ್ಲಿ 'ವೆಜಿಟೇರಿಯನ್' ಚೀಟಿ ಇರುವ ತಿಂಡಿಯಲ್ಲಿ ಮೊಟ್ಟೆ ಇರಬಹುದು. ಅನ್ನವನ್ನೇ ಕೋಳಿ ಸಾರಿನಲ್ಲಿ ಬೇಯಿಸಿರುವುದುಂಟು. ಮೊಟ್ಟೆ ತಿನ್ನದವರು 'ವೀಗನ್' (ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲದ್ದು) ಚೀಟಿ ನೋಡಿ ತೆಗೆದುಕೊಳ್ಳಿ, ಮೊಸರು ಬೇರೆ ಹಾಕಿಕೊಳ್ಳಿ. ಎಳ್ಳು ಅಲರ್ಜಿ ಇರುವವರಿಗೆ ಈಗ ಸ್ವಲ್ಪ ಅನುಕೂಲ ಆಗಿದೆ. 2023ರಿಂದ ಅಮೆರಿಕದ ಕಾನೂನಿನಲ್ಲಿ ಎಳ್ಳು ಒಂಬತ್ತನೇ ಮುಖ್ಯ ಅಲರ್ಜಿ ಪದಾರ್ಥ, ಪೊಟ್ಟಣದ ಮೇಲೆ ಹೆಸರು ಬರೆಯಲೇಬೇಕು.

ಅಲರ್ಜಿ, ಕಾಯಿಲೆ ಇದ್ದವರು ದಯವಿಟ್ಟು ಸುಮ್ನೆ ಸಹಿಸಿಕೊಳ್ಳಬೇಡಿ. 2012ರ ಡಿಸೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಲೆಸ್ಲಿ ವಿಶ್ವವಿದ್ಯಾಲಯ ಅಮೆರಿಕದ ನ್ಯಾಯ ಇಲಾಖೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಅಲ್ಲಿ ಮೀಲ್ ಪ್ಲಾನ್ ಕಡ್ಡಾಯ ಇತ್ತು. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಆಹಾರ ಅಲರ್ಜಿ ಇರುವವರಿಗೆ ಮಾತ್ರ ತಿನ್ನಲು ಸರಿಯಾದ ಊಟ ಇರಲಿಲ್ಲ. ಅಂಥವರಿಗೆ ಬೇರೆ ಊಟದ ಏರ್ಪಾಡು ಮಾಡಲು, 50,000 ಡಾಲರ್ ಪರಿಹಾರ ಕೊಡಲು ವಿಶ್ವವಿದ್ಯಾಲಯ ಒಪ್ಪಿತು. ಅಂಗವೈಕಲ್ಯ ಹಕ್ಕಿನ ಕಾನೂನು ಈ ವಿಷಯಕ್ಕೂ ಬರುತ್ತದೆ ಅನ್ನುವುದು ಆಗ ಎಲ್ಲ ಕ್ಯಾಂಪಸ್‌ಗಳಿಗೂ ಗೊತ್ತಾಯಿತು. ವೈದ್ಯರ ಪತ್ರ ತೆಗೆದುಕೊಂಡು ವಿದ್ಯಾರ್ಥಿ ಅಂಗವೈಕಲ್ಯ ಸೇವೆಗಳ ಕಚೇರಿಗೆ ಹೋಗಿ. ಪ್ಲಾನ್‌ನಿಂದಲೇ ಬಿಡುಗಡೆ ಸಿಗಬಹುದು.

ಕೈ ಬಿಗಿ ಇದ್ದವರಿಗೆ ಇನ್ನೊಂದು ದಾರಿ ಇದೆ. ಎಫ್-1 ವಿದ್ಯಾರ್ಥಿಗಳು ತರಗತಿ ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಡೈನಿಂಗ್ ಹಾಲ್‌ನಲ್ಲಿ ಕೆಲಸ ಸಿಕ್ಕರೆ ಬಹಳ ಕಡೆ ಶಿಫ್ಟ್ ದಿನ ಊಟವೂ ಸಿಗುತ್ತದೆ. ನನಗೆ ಗೊತ್ತಿರುವ ಎಷ್ಟೋ ಮಕ್ಕಳು ಹೀಗೆಯೇ ಮೊದಲ ವರ್ಷ ದಾಟಿದ್ದಾರೆ.

ಗಂಡ ಹೆಂಡತಿ ಬಂದು ಫ್ಯಾಮಿಲಿ ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಅತಿಥಿಗಳ ನಿಯಮ ಓದಲೇಬೇಕು. ಬಾಣಂತನಕ್ಕೆ ಅಂತ ಅಮ್ಮ ಬರುತ್ತಾರೆ. ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಅನುಮತಿ ಕೊಡುತ್ತಾರೆ. ಆದರೆ ನಿಮ್ಮ ಕರಾರಿನಲ್ಲಿ ಅತಿಥಿ ಇರಬಹುದಾದ್ದು ಎರಡು ವಾರ ಅಂತ ಇರಬಹುದು. ಒಂದು ಮಲಗುವ ಕೋಣೆಗೆ ಇಷ್ಟೇ ಜನ ಅನ್ನುವ ಮಿತಿಯೂ ಇರುತ್ತದೆ. ಎಂಟು ದಿನದ ಕೂಸನ್ನು ಎತ್ತಿಕೊಂಡು ನಮ್ಮ ಕಚೇರಿಗೆ ಬಂದು, "ಅಮ್ಮನ್ನ ಎಲ್ಲಿ ಕಳಿಸ್ಲಿ ಮೇಡಂ?" ಅಂತ ಕೇಳಿದ ತಾಯಿಗೆ ಉತ್ತರ ಕೊಡುವುದು ನನಗೆ ತುಂಬ ಕಷ್ಟ ಆಯಿತು. ಅರ್ಜಿ ಹಾಕಿದರೆ ಹೆರಿಗೆಯ ಕಾರಣಕ್ಕೆ ಅವಧಿ ಹೆಚ್ಚಿಸುವುದು ಎಷ್ಟೋ ಕಡೆ ಇದೆ. ಟಿಕೆಟ್ ಮಾಡಿಸುವ ಮೊದಲೇ ಕೇಳಿ, ಒಪ್ಪಿಗೆಯನ್ನು ಇಮೇಲ್‌ನಲ್ಲೇ ತೆಗೆದುಕೊಳ್ಳಿ.

ರೂಮಿಗೆ ಕಾಲಿಟ್ಟ ದಿನ ಗೋಡೆ, ಕಾರ್ಪೆಟ್, ಒಲೆ, ಹಾಸಿಗೆ ಎಲ್ಲದರ ಫೋಟೊ ತೆಗೆಯಿರಿ. ಬಿಡುವಾಗ ಕೀಲಿ ಕೊಟ್ಟಿದ್ದಕ್ಕೆ ರಸೀದಿ ಕೇಳಿ. ಕೀಲಿ ವಾಪಸ್ ಬರುವವರೆಗೆ ಎಷ್ಟೋ ಕಡೆ ಬಾಡಿಗೆ ಲೆಕ್ಕ ನಿಲ್ಲುವುದಿಲ್ಲ.

ದಾವಣಗೆರೆಯ ಹುಡುಗನ ಕರಾರನ್ನು ನಾವಿಬ್ಬರೂ ಕೂತು ಪೂರ್ತಿ ಓದಿದೆವು. ಒಂಬತ್ತನೇ ಪುಟದಲ್ಲಿ ಒಂದು ಸಾಲು ಸಿಕ್ಕಿತು: ಈಗಾಗಲೇ ಕ್ಯಾಂಪಸ್ ವಸತಿ ಇಲ್ಲದ, ಅರ್ಹತೆ ಇರುವ ಬೇರೆ ವಿದ್ಯಾರ್ಥಿ ಸಿಕ್ಕರೆ ಕರಾರನ್ನು ಅವರ ಹೆಸರಿಗೆ ಮಾಡಬಹುದು. ಜನವರಿಗೆ ಹೊಸ ಬ್ಯಾಚ್ ಬರುವುದಿತ್ತು. ಅವನು ಕನ್ನಡ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಮೂರನೇ ದಿನ ಹುಬ್ಬಳ್ಳಿಯ ಒಬ್ಬ ಹುಡುಗ ಸಿಕ್ಕಿದ. ವರ್ಗಾವಣೆ ಶುಲ್ಕ ಕಟ್ಟಿ, ಹೊರಗಿನ ಮನೆಯ ಲೀಸನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡಿಸಿಕೊಂಡು, ಜನವರಿ ಎರಡನೇ ವಾರ ಅವನು ರೂಮು ಬಿಟ್ಟ. ಕುಕ್ಕರ್ ಮತ್ತು ಅರ್ಧ ಚೀಲ ಸೋನಾ ಮಸೂರಿಯನ್ನು ಹುಬ್ಬಳ್ಳಿಯವನಿಗೆ ಬಿಟ್ಟು ಹೋದ.