ಕೊಳೆತ ಗೆಡ್ಡೆಯಲ್ಲಿ ಹುಳ ಸಿಕ್ಕರೆ, ಕೊಳೆಸಿದ್ದು ಅದೇ ಹುಳವಾ?

ಪ್ರಶ್ನೆ: ಅಮರಿಲ್ಲಿಸ್ ಎಲೆ ಹಳದಿಯಾಗಿ ಗೆಡ್ಡೆ ಮೆತ್ತಗಾಗಿತ್ತು. ಕಿತ್ತು ಕುಯ್ದು ನೋಡಿದರೆ ಒಳಗೆಲ್ಲ ಬಿಳಿ ಹುಳ. ಇದು ಯಾವ ಕೀಟ? ಯಾವ ಔಷಧಿ ಹೊಡೆಯಲಿ?

ಈ ಪ್ರಶ್ನೆ ನನಗೆ ಬಾಯಿಪಾಠ ಆಗಿದೆ. ಒಮ್ಮೆ ಅಮರಿಲ್ಲಿಸ್, ಇನ್ನೊಮ್ಮೆ ಡ್ಯಾಫೋಡಿಲ್, ಮತ್ತೊಮ್ಮೆ ಲಿಲ್ಲಿ, ಉಳಿದದ್ದೆಲ್ಲ ಅದೇ. ಎಷ್ಟು ವಿವರಿಸಿದರೂ ಕೊನೆಗೆ "ಅದೆಲ್ಲ ಸರಿ, ಔಷಧಿ ಹೆಸರು ಹೇಳಿ" ಅಂತಲೇ ಬರುತ್ತದೆ. ಔಷಧಿಯ ಮಾತು ಸ್ವಲ್ಪ ಪಕ್ಕಕ್ಕಿಡೋಣ. ಹುಳ ಯಾವುದು ಅಂತ ಗೊತ್ತಾಗದೆ ಹೊಡೆದ ಔಷಧಿ ದಂಡ.

ಗೆಡ್ಡೆ ಕೊಳೆತಿದೆ, ಒಳಗೆ ಹುಳ ಇದೆ, ಹಾಗಾದರೆ ಹುಳವೇ ಕೊಳೆಸಿದೆ ಅನ್ನುವ ನಂಬಿಕೆ ಯಾಕೋ ಎಲ್ಲರಲ್ಲೂ ಗಟ್ಟಿಯಾಗಿ ಕೂತುಬಿಟ್ಟಿದೆ. ಬಹಳ ಸಲ ನಡೆದಿರುವುದು ಇದಕ್ಕೆ ಪೂರ್ತಿ ಉಲ್ಟಾ. ನೀರು ಜಾಸ್ತಿಯಾಗಿ, ಅಥವಾ ಕೀಳುವಾಗ ಗುದ್ದಲಿ ತಾಗಿ, ಅಥವಾ ಹಸಿ ಹಸಿಯಾಗಿಯೇ ಎತ್ತಿಟ್ಟಿದ್ದರಿಂದ ಗೆಡ್ಡೆಗೆ ಶಿಲೀಂಧ್ರ ಹತ್ತುತ್ತದೆ. ಬುಡದಿಂದ ಕೊಳೆ ಶುರುವಾಗುತ್ತದೆ. ಆ ವಾಸನೆಗೆ ಹುಳಗಳು ಬರುತ್ತವೆ. ಸತ್ತ ಪ್ರಾಣಿಯ ಮೇಲೆ ನೊಣ ಕೂತಿದ್ದರೆ ನೊಣವೇ ಅದನ್ನು ಕೊಂದಿತು ಅಂತ ಯಾರೂ ಹೇಳಲ್ಲ, ಅಲ್ವಾ? ಇಲ್ಲೂ ಅಷ್ಟೇ.

ಹೀಗೆ ಆಮೇಲೆ ಬರುವವರಲ್ಲಿ ಮೊದಲನೆಯದು ಸಣ್ಣ ಗೆಡ್ಡೆ ನೊಣದ ಮರಿಗಳು. ಒಂದೇ ಗೆಡ್ಡೆಯಲ್ಲಿ ಗುಂಪಾಗಿ ಇರುತ್ತವೆ, ಒಂದು ಸೆಂಟಿಮೀಟರ್ ಒಳಗಿನ ಉದ್ದ, ಮೈ ಸುಕ್ಕು ಸುಕ್ಕು, ಕಾಲಿಲ್ಲ. ಎರಡನೆಯದು ಗೆಡ್ಡೆ ನುಸಿ. ಇದು ಕೀಟವೇ ಅಲ್ಲ, ಜೇಡದ ಬಳಗದ್ದು, ಬೆಳೆದ ನುಸಿಗೆ ಎಂಟು ಕಾಲು. ಉದ್ದ ಒಂದು ಮಿಲಿಮೀಟರಿಗಿಂತ ಕಡಿಮೆ. ಬರಿಗಣ್ಣಿಗೆ ಪುಡಿ ಉದುರಿದ ಹಾಗೆ ಕಾಣುತ್ತದೆ, ಭೂತಗನ್ನಡಿ ಹಿಡಿದರೆ ಮುತ್ತಿನ ಬಣ್ಣದ ಹೊಳೆಯುವ ಮೈ, ನಿಧಾನವಾಗಿ ತೆವಳುವುದು ಗೊತ್ತಾಗುತ್ತದೆ. ಇವುಗಳ ಜೊತೆಗೆ ಸಾವಿರ ಕಾಲಿನ ಹುಳ, ಮುಟ್ಟಿದರೆ ಪುಟಕ್ಕನೆ ನೆಗೆಯುವ ಪುಟಾಣಿ ಜೀವಿಗಳು. ಇವೆಲ್ಲ ಸಾಮಾನ್ಯವಾಗಿ ಕೊಳೆತದ್ದನ್ನು ಹುಡುಕಿಕೊಂಡು ಬಂದವು. ನುಸಿ ಮಾತ್ರ ಸ್ವಲ್ಪ ತಂಟೆಯದು, ಸಣ್ಣ ಗಾಯ ಸಿಕ್ಕರೂ ಅಲ್ಲಿಂದ ಒಳಗೆ ಹೊಕ್ಕು ಕೊಳೆಯನ್ನು ಇನ್ನಷ್ಟು ಹರಡುತ್ತದೆ.

ಹಾಗಾಗಿ ಹುಳ ಕೊಲ್ಲುವ ಔಷಧಿ ಸುರಿದರೆ ಹುಳ ಸಾಯಬಹುದು, ಕೊಳೆ ನಿಲ್ಲುವುದಿಲ್ಲ. ಮುಂದಿನ ವರ್ಷ ಅದೇ ನೀರು ನಿಲ್ಲುವ ಮಣ್ಣಿನಲ್ಲಿ ಹೊಸ ಗೆಡ್ಡೆ ಇಟ್ಟು ಮತ್ತೆ ಅದೇ ಪ್ರಶ್ನೆ ಕೇಳುತ್ತೀರಿ. ದಯವಿಟ್ಟು ಮೊದಲು ನೀರು ಬಸಿಯುತ್ತಾ ನೋಡಿ.

ಹಾಗಂತ ಗಟ್ಟಿ ಗೆಡ್ಡೆಗೇ ಬಾಯಿ ಹಾಕುವ ಹುಳ ಇಲ್ಲವೇ ಇಲ್ಲ ಅಂತಲ್ಲ. ದೊಡ್ಡ ಗೆಡ್ಡೆ ನೊಣ ಅಂಥದ್ದು. ಡ್ಯಾಫೋಡಿಲ್, ಅಮರಿಲ್ಲಿಸ್ ಜಾತಿಯ ಗೆಡ್ಡೆಗಳೆಂದರೆ ಅದಕ್ಕೆ ಇಷ್ಟ. ನೊಣ ನೋಡೋಕೆ ಥೇಟ್ ದುಂಬಿ, ಮೈತುಂಬ ರೋಮ, ಆದರೆ ರೆಕ್ಕೆ ಎರಡೇ. ಬಿಸಿಲಿರುವ ದಿನ ಎಲೆಯ ಬುಡದಲ್ಲಿ ಮೊಟ್ಟೆ ಇಡುತ್ತದೆ. ಮರಿ ಕೆಳಗಿಳಿದು ಬುಡದ ಕಡೆಯಿಂದ ಕೊರೆದು ಒಳಹೋಗುತ್ತದೆ. ಸಾಮಾನ್ಯವಾಗಿ ಒಂದು ಗೆಡ್ಡೆಗೆ ಒಂದೇ ಮರಿ, ದಪ್ಪಗೆ, ಕೊಳಕು ಬಿಳಿ ಬಣ್ಣ, ಪೂರ್ತಿ ಬೆಳೆದಾಗ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ಕುಯ್ದರೆ ಹೊರಗಿನ ಪದರಗಳು ಗಟ್ಟಿಯಾಗಿಯೇ ಇರುತ್ತವೆ, ನಡುವೆ ಮಾತ್ರ ಟೊಳ್ಳು, ಅಲ್ಲಿ ಕಂದು ಬಣ್ಣದ ಹಿಕ್ಕೆ ತುಂಬಿರುತ್ತದೆ. ಒಂಟಿ ದಪ್ಪ ಹುಳ ಮತ್ತು ಗಟ್ಟಿ ಹೊರಪದರ ಒಟ್ಟಿಗೆ ಕಂಡರೆ ಆಗ ಹುಳವನ್ನು ಬೈಯಿರಿ, ನಾನೂ ಸೇರಿಕೊಳ್ಳುತ್ತೇನೆ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲಿಷ್ ಸಿ ಅಕ್ಷರದ ಹಾಗೆ ಬಾಗಿ ಮಲಗಿರುವ, ಕಂದು ತಲೆಯ, ಮೂರು ಜೊತೆ ಕಾಲಿರುವ ದಪ್ಪ ಹುಳ ಗೊಣ್ಣೆ ಹುಳು, ಅದು ಇರುವುದು ಮಣ್ಣಿನಲ್ಲಿ, ಬೇರು ತಿನ್ನುತ್ತದೆ. ಪದರಗಳ ಸಂದಿಯಲ್ಲಿ ಹತ್ತಿ ಅಂಟಿದ ಹಾಗಿದ್ದರೆ ಹಿಟ್ಟು ತಿಗಣೆ. ಎತ್ತಿಟ್ಟ ಟ್ಯೂಲಿಪ್ ಗೆಡ್ಡೆಯ ಒಣ ಸಿಪ್ಪೆ ಕೆಳಗೆ ಗುಂಪು ಕಟ್ಟಿ ಕೂತಿದ್ದರೆ ಸಸ್ಯಹೇನು. ಗ್ಲಾಡಿಯೋಲಸ್ ಎಲೆ ಮೇಲೆ ಬೆಳ್ಳಿ ಗೀರು, ಎತ್ತಿಟ್ಟ ಗೆಡ್ಡೆ ಕಂದಾಗಿ ಒರಟಾಗಿ ಅಂಟಂಟಾಗಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟಾಣಿ ಕೀಟ. ಇದನ್ನು ನೆಡುವ ಮೊದಲೇ ಗುರುತಿಸಬೇಕು, ಯಾಕೆಂದರೆ ಅದು ಚಳಿಗಾಲ ಕಳೆಯುವುದು ಗೆಡ್ಡೆಯ ಮೇಲೆಯೇ.

ಗೆಡ್ಡೆ ಕೊಳ್ಳುವಾಗ, ಎತ್ತಿಡುವಾಗ, ನೆಡುವಾಗ ಹೆಬ್ಬೆರಳಿನಿಂದ ಬುಡ ಮತ್ತು ಕುತ್ತಿಗೆ ಎರಡನ್ನೂ ಒತ್ತಿ ನೋಡಿ. ಮೆತ್ತಗಿದ್ದರೆ, ಗಾತ್ರಕ್ಕೆ ಹಗುರ ಅನ್ನಿಸಿದರೆ ಪಕ್ಕಕ್ಕಿಡಿ. ಒಂದು ಗೆಡ್ಡೆ ಕುಯ್ದು ಪರೀಕ್ಷಿಸಿದರೆ ಸಾಕು, ಹೂ ಬಿಡುತ್ತಿರುವ ಸಾಲನ್ನೆಲ್ಲ ಅನುಮಾನದ ಮೇಲೆ ಕೀಳಬೇಡಿ.

ಯಾರೂ ಕೇಳದ ಪ್ರಶ್ನೆಯೊಂದಿದೆ, ಕೇಳಬೇಕಿತ್ತು: ದೊಡ್ಡ ನೊಣದ ಮರಿ ತಿಂದ ಗೆಡ್ಡೆ ಪೂರ್ತಿ ಹೋದಂತೆಯಾ? ಇಲ್ಲ. ನಡುವಿನ ಮೊಗ್ಗು ಹೋದರೂ ಬೇರು ಹುಟ್ಟುವ ಆ ಗಟ್ಟಿ ಬುಡ ಸ್ವಲ್ಪ ಉಳಿದಿದ್ದರೆ ಅದರ ಅಂಚಿನಿಂದ ಪುಟ್ಟ ಮರಿಗೆಡ್ಡೆಗಳು ಹುಟ್ಟಬಹುದು. ಹೂವಿಲ್ಲದೆ ಹುಲ್ಲಿನಂಥ ಸಣ್ಣ ಸಣ್ಣ ಎಲೆ ಗುಂಪಾಗಿ ಬಂದರೆ ಕಳೆ ಅಂತ ಕಿತ್ತು ಬಿಸಾಡುವವರೇ ಜಾಸ್ತಿ. ಅದು ನಿಮ್ಮದೇ ಗಿಡ. ಹುಳವನ್ನು ತೆಗೆದು, ಹಿಕ್ಕೆ ಕೆರೆದು, ಒಂದೆರಡು ದಿನ ನೆರಳಿನಲ್ಲಿ ಒಣಗಿಸಿ ಬೇರೆ ಕುಂಡದ ಹೊಸ ಮಣ್ಣಿನಲ್ಲಿ ಇಡಿ, ನೀರು ಹಿಡಿತದಲ್ಲಿರಲಿ. ಹೂವಿಗೆ ಕೆಲವು ವರ್ಷ ಕಾಯಬೇಕಾಗುತ್ತದೆ. ಬುಡವೇ ಮೆತ್ತಗಾಗಿದ್ದರೆ ಮಾತ್ರ ಆಸೆ ಬಿಟ್ಟು ತೋಟದಿಂದ ಆಚೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ.